ಮರಳುಗಾಡಿನ ಸಾಹಸಿ, ಮೊರಾಂಟ್ ಬೇಯ ಗವರ್ನರ್

1866ರಿಂದ 1868ರವರೆಗೆ ಇಂಗ್ಲೆಂಡಿನ ವಿದ್ವಾಂಸರು, ಸಾಹಿತಿಗಳು, ವಿಜ್ಞಾನಿಗಳು ಒಬ್ಬ ಅಧಿಕಾರಿಯ ಹೆಸರಿನಲ್ಲಿ ಎರಡು ಪಾಳಯವಾಗಿ ನಿಂತರು. ಆತನ ಮೇಲೆ ಕೊಲೆ ಮೊಕದ್ದಮೆ ಹೂಡಲೇಬೇಕು ಎಂದು ಪಟ್ಟು ಹಿಡಿದವರ ಮುಂದಾಳು ಜಾನ್ ಸ್ಟುವರ್ಟ್ ಮಿಲ್. ಚಾರ್ಲ್ಸ್ ಡಾರ್ವಿನ್, ಥಾಮಸ್ ಹಕ್ಸ್‌ಲಿ, ಹರ್ಬರ್ಟ್ ಸ್ಪೆನ್ಸರ್ ಮಿಲ್‌ನ ಬೆನ್ನಿಗಿದ್ದರು. ಆತ ಮಾಡಿದ್ದೇ ಸರಿ, ಆತನಿಂದಲೇ ಒಂದು ದ್ವೀಪ ಉಳಿಯಿತು ಎಂದವರಲ್ಲಿ ಥಾಮಸ್ ಕಾರ್ಲೈಲ್, ಜಾನ್ ರಸ್ಕಿನ್, ಚಾರ್ಲ್ಸ್ ಡಿಕನ್ಸ್, ಕವಿ ಟೆನಿಸನ್ ಇದ್ದರು. ಮುಂದೆ ಗಾಂಧೀಜಿಯವರ ಬದುಕಿನ ದಿಕ್ಕನ್ನೇ ಬದಲಿಸಿದ ‘ಅನ್ ಟು ದಿಸ್ ಲಾಸ್ಟ್’ ಪುಸ್ತಕವನ್ನು ಆ ಹೊತ್ತಿಗಾಗಲೇ ಬರೆದಿದ್ದ ರಸ್ಕಿನ್ ಈ ಸಾಲಿನಲ್ಲಿ ಕಂಡಾಗ ನಮಗೆ ನೋವಾಗುತ್ತದೆ. ಆದರೂ ಆತ ನಿಂತದ್ದು ಅಲ್ಲಿಯೇ.

ಆ ಅಧಿಕಾರಿ ಎಡ್ವರ್ಡ್ ಜಾನ್ ಏರ್, ಜಮೈಕಾದ ಗವರ್ನರ್. 1865ರ ಅಕ್ಟೋಬರ್-ನವೆಂಬರ್‌ನಲ್ಲಿ, ಒಂದೇ ತಿಂಗಳಲ್ಲಿ, ಅವನು ಹೇರಿದ ಮಾರ್ಷಲ್ ಲಾ 439 ಜನರನ್ನು ಬಲಿ ತೆಗೆದುಕೊಂಡಿತು. 600 ಜನರ ಬೆನ್ನಿನ ಮೇಲೆ ಚಾಟಿ ಬಿತ್ತು. ಸಾವಿರ ಮನೆಗಳು ಸುಟ್ಟುಹೋದವು. ಇದಕ್ಕೆ ಇಪ್ಪತ್ತು ವರ್ಷ ಹಿಂದೆ ಇದೇ ಮನುಷ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಬಿಳಿಯರಿಂದ ಆದ ಅನ್ಯಾಯವನ್ನು ಪುಟಗಟ್ಟಲೆ ಬರೆದು ಲಂಡನ್ನಿನಲ್ಲಿ ಪ್ರಕಟಿಸಿದ್ದ. ಇವೆರಡನ್ನೂ ಒಂದೇ ಕೈ ಮಾಡಿದ್ದು ಹೇಗೆ ಎಂಬುದೇ ಅವನ ಬದುಕಿನ ತಿರುಳು.

ಏರ್ ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನ ಪಾದ್ರಿಯೊಬ್ಬನ ಮಗನಾಗಿ. ದೊಡ್ಡ ಆಸ್ತಿಯಿಲ್ಲ, ದೊಡ್ಡವರ ಬೆಂಬಲವೂ ಇಲ್ಲ. ಅಂಥ ಮನೆಗಳ ಹುಡುಗರಿಗೆ ಆಗ ವಸಾಹತುಗಳೇ ಗತಿ. ಹದಿನೇಳರ ವಯಸ್ಸಿಗೆ ಹಡಗು ಹತ್ತಿ 1833ರಲ್ಲಿ ಆಸ್ಟ್ರೇಲಿಯಾ ಮುಟ್ಟಿದ. ಕುರಿ ಸಾಕಿದ. ಆಮೇಲೆ ನ್ಯೂ ಸೌತ್ ವೇಲ್ಸ್‌ನಿಂದ ಹೊಸದಾಗಿ ಹುಟ್ಟಿದ್ದ ಅಡಿಲೇಡ್ ಪಟ್ಟಣಕ್ಕೆ ನೂರಾರು ಮೈಲಿ ದೂರ ದನ, ಕುರಿಗಳನ್ನು ಹೊಡೆದುಕೊಂಡು ಹೋಗಿ ಒಳ್ಳೆಯ ಬೆಲೆಗೆ ಮಾರಿದ. ದಾರಿಯಿಲ್ಲದ ಕಡೆ ದಾರಿ ಹುಡುಕುವ ಹುಚ್ಚು ಹತ್ತಿದ್ದು ಈ ವ್ಯಾಪಾರದಿಂದಲೇ.

1840ರ ಜೂನ್‌ನಲ್ಲಿ ಖಂಡದ ನಟ್ಟನಡುವೆ ಏನಿದೆ ಎಂದು ನೋಡಲು ಅಡಿಲೇಡಿನಿಂದ ಹೊರಟ. ಉತ್ತರಕ್ಕೆ ಹೋದಷ್ಟೂ ಎದುರಾದದ್ದು ಉಪ್ಪು ಹೆಪ್ಪುಗಟ್ಟಿದ ಸರೋವರಗಳು. ಮೇಲೆ ಗಟ್ಟಿ ಪದರ, ಕಾಲಿಟ್ಟರೆ ಒಳಗೆ ಕೆಸರು. ಅವೆಲ್ಲ ಒಂದೇ ಸರೋವರ, ಕುದುರೆಲಾಳದ ಆಕಾರದಲ್ಲಿ ದಾರಿ ಕಟ್ಟಿ ನಿಂತಿದೆ ಎಂದು ತಪ್ಪಾಗಿ ತಿಳಿದ. ಕೊನೆಗೆ ಹತ್ತಿದ ಗುಡ್ಡಕ್ಕೆ ‘ಮೌಂಟ್ ಹೋಪ್‌ಲೆಸ್’ ಎಂದು ಹೆಸರಿಟ್ಟು ಹಿಂದಿರುಗಿದ. ಅವನ ಆ ತಪ್ಪು ನಕ್ಷೆ 1858ರವರೆಗೂ ಉಳಿಯಿತು. ಆದರೆ ಸೋತು ಮನೆಗೆ ಮರಳುವ ಜಾಯಮಾನ ಅವನದಲ್ಲ. ಉತ್ತರಕ್ಕೆ ದಾರಿ ಇಲ್ಲವಾದರೆ ಪಶ್ಚಿಮಕ್ಕೆ ಎಂದು ದಕ್ಷಿಣ ಕರಾವಳಿ ಹಿಡಿದ. ಅಲ್ಲಿಂದ ಆಲ್ಬನಿ ಬಂದರಿಗೆ ನೆಲದ ಮೇಲಿನ ದಾರಿ 1300 ಕಿಲೋಮೀಟರಿಗೂ ಹೆಚ್ಚು. ಆ ದಾರಿಯಲ್ಲಿ ಒಂದು ಹೊಳೆಯೂ ಹರಿಯುವುದಿಲ್ಲ. ಹಿಂದಿರುಗಿ ಬಾ ಎಂದು ಬಂದ ಸಲಹೆಯನ್ನು ಪಕ್ಕಕ್ಕಿಟ್ಟು, ತಂಡದ ಹೆಚ್ಚಿನವರನ್ನು ವಾಪಸು ಕಳಿಸಿ, 1841ರ ಫೆಬ್ರುವರಿಯಲ್ಲಿ ಫೌಲರ್ಸ್ ಬೇಯಿಂದ ಹೊರಟ. ಜೊತೆಗೆ ಉಳಿದವರು ನಾಲ್ವರು. ಮೇಲ್ವಿಚಾರಕ ಜಾನ್ ಬ್ಯಾಕ್ಸ್‌ಟರ್, ಆಲ್ಬನಿಯ ಕಡೆಯವನೇ ಆದ ನೂಂಗಾರ್ ಯುವಕ ವೈಲಿ, ಇನ್ನಿಬ್ಬರು ಮೂಲನಿವಾಸಿ ಹುಡುಗರು ಜೋಯಿ ಮತ್ತು ಯಾರಿ.

ಈ ಪ್ರಯಾಣದಲ್ಲಿ ಬಿಳಿಯರ ಜಾಣ್ಮೆಗಿಂತ ನೆಲದ ಜನರ ಅರಿವು ಹೆಚ್ಚು ಕೆಲಸಕ್ಕೆ ಬಂತು. ಮರಳುದಿಬ್ಬಗಳಲ್ಲಿ ಎಲ್ಲಿ ಅಗೆದರೆ ನೀರು ಸಿಗುತ್ತದೆ ಎಂದು ತೋರಿಸಿಕೊಟ್ಟವರು ಕರಾವಳಿಯ ಮೂಲನಿವಾಸಿಗಳು. ನೀಲಗಿರಿ ಜಾತಿಯ ಮರದ ಬೇರು ಕಿತ್ತು, ತುಂಡರಿಸಿ, ನಿಲ್ಲಿಸಿದರೆ ಹನಿಹನಿಯಾಗಿ ನೀರು ಇಳಿಯುತ್ತದೆ ಎಂಬುದೂ ಅವರಿಂದಲೇ ಬಂದ ವಿದ್ಯೆ. ಬೆಳಗಿನ ಜಾವ ಏರ್ ಸ್ಪಂಜು ಹಿಡಿದು ಹುಲ್ಲು, ಪೊದೆಗಳ ಮೇಲಿನ ಇಬ್ಬನಿ ಒತ್ತಿ ಒತ್ತಿ ಪಾತ್ರೆಗೆ ಹಿಂಡುತ್ತಿದ್ದ.

ಏಪ್ರಿಲ್ 29ರ ರಾತ್ರಿ ಏರ್ ಕುದುರೆಗಳನ್ನು ಕಾಯುತ್ತ ಬಿಡಾರದಿಂದ ದೂರವಿದ್ದ. ಗುಂಡಿನ ಸದ್ದು ಕೇಳಿತು. ಕತ್ತಲಲ್ಲಿ ವೈಲಿ ಕೂಗುತ್ತ ಓಡಿಬಂದ. ಬಿಡಾರ ಮುಟ್ಟುವ ಹೊತ್ತಿಗೆ ಬ್ಯಾಕ್ಸ್‌ಟರ್ ರಕ್ತದಲ್ಲಿ ಬಿದ್ದು ಪ್ರಾಣ ಬಿಡುತ್ತಿದ್ದ. ಜೋಯಿ ಮತ್ತು ಯಾರಿ ಬಂದೂಕುಗಳನ್ನೂ ಆಹಾರದ ಬಹುಪಾಲನ್ನೂ ಎತ್ತಿಕೊಂಡು ಹೋಗಿದ್ದರು. ಉಳಿದದ್ದು ನಲವತ್ತು ಪೌಂಡ್ ಹಿಟ್ಟು, ಸ್ವಲ್ಪ ಚಹಾಪುಡಿ, ಸಕ್ಕರೆ, ನಾಲ್ಕು ಗ್ಯಾಲನ್ ನೀರು. ಹೆಣ ಹೂಳೋಣವೆಂದರೆ ಕಾಲಕೆಳಗಿನ ನೆಲವೆಲ್ಲ ಒಂದೇ ಹಾಸುಬಂಡೆ. ಕಂಬಳಿಯಲ್ಲಿ ಸುತ್ತಿ ಅಲ್ಲಿಯೇ ಬಿಟ್ಟು ಇಬ್ಬರೂ ಮುಂದೆ ನಡೆದರು. ಮರುದಿನ ಸಂಜೆ ಆ ಹುಡುಗರು ದೂರದಲ್ಲಿ ಕಾಣಿಸಿಕೊಂಡು, ತಮ್ಮ ಜೊತೆ ಬಾ ಎಂದು ವೈಲಿಯನ್ನು ಕರೆದರು. ವೈಲಿ ಹೋಗಲಿಲ್ಲ. ಆ ರಾತ್ರಿಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಏರ್ ಬರೆದಿಟ್ಟದ್ದರಿಂದ ಮಾತ್ರ ಎಂಬುದನ್ನು ಇತಿಹಾಸಕಾರರು ನೆನಪಿಸುತ್ತಾರೆ. ವೈಲಿಗೆ ಸಂಚು ಮೊದಲೇ ಗೊತ್ತಿತ್ತೇನೋ ಎಂಬ ಸಂಶಯ ಏರ್‌ನ ಬರಹದಲ್ಲಿಯೇ ಇದೆ. ಆದರೆ ಮುಂದಿನ ಎರಡು ತಿಂಗಳು ಏರ್ ಬದುಕಿದ್ದು ವೈಲಿ ಜೊತೆಗಿದ್ದುದರಿಂದ.

ಜೂನ್ ಮೊದಲ ವಾರ, ಈಗಿನ ಎಸ್ಪೆರನ್ಸ್ ಊರಿನ ಬಳಿ ಕಡಲಲ್ಲಿ ಹಡಗೊಂದು ಕಂಡಿತು. ‘ಮಿಸಿಸಿಪ್ಪಿ’ ಎಂಬ ಫ್ರೆಂಚ್ ತಿಮಿಂಗಿಲ ಬೇಟೆಯ ಹಡಗು ಅದು. ಕ್ಯಾಪ್ಟನ್ ರಾಸಿಟರ್ ಇಬ್ಬರನ್ನೂ ಹತ್ತಿಸಿಕೊಂಡು ಎರಡು ವಾರದಷ್ಟು ಕಾಲ ಅನ್ನ, ಬಟ್ಟೆ ಕೊಟ್ಟು ಸಲಹಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಏರ್ ಮತ್ತೆ ನೆಲಕ್ಕಿಳಿದು ನಡೆದ. ಜುಲೈ 7ರಂದು ಆಲ್ಬನಿ ತಲುಪಿದಾಗ, ಸತ್ತೇಹೋದನೆಂದುಕೊಂಡಿದ್ದ ವೈಲಿಯನ್ನು ಅವನ ಜನ ತಬ್ಬಿಕೊಂಡು ಅತ್ತರು. ಏರ್‌ಗೆ 1843ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. ಅವನ ಶಿಫಾರಸಿನ ಮೇಲೆ ಸರ್ಕಾರ ವೈಲಿಗೆ ಪಡಿ ಗೊತ್ತುಮಾಡಿತು. ಈ ನಡಿಗೆಯಿಂದ ಹೊಸ ಹುಲ್ಲುಗಾವಲಾಗಲಿ ನದಿಯಾಗಲಿ ಸಿಗಲಿಲ್ಲ. ಸಿಕ್ಕಿದ್ದು ಏರ್‌ನ ಹಟಕ್ಕೆ ಒಂದು ಖ್ಯಾತಿ.

1841ರಲ್ಲಿಯೇ ಮರ್ರೆ ನದಿಯ ದಂಡೆಯಲ್ಲಿ, ದನ ಸಾಗಿಸುವ ಬಿಳಿಯರ ಮತ್ತು ಮೂಲನಿವಾಸಿಗಳ ನಡುವೆ ರಕ್ತಪಾತ ನಡೆದಿತ್ತು. ರೂಫಸ್ ನದಿಯ ಬಳಿ ಹತ್ತಾರು ಮೂಲನಿವಾಸಿಗಳು ಗುಂಡಿಗೆ ಬಲಿಯಾಗಿದ್ದರು. ಅದೇ ಮರ್ರೆ ದಂಡೆಯ ಮೂರುಂಡಿಗೆ ಏರ್‌ನನ್ನು ಮ್ಯಾಜಿಸ್ಟ್ರೇಟನಾಗಿಯೂ ಮೂಲನಿವಾಸಿಗಳ ರಕ್ಷಣಾಧಿಕಾರಿಯಾಗಿಯೂ ನೇಮಿಸಿದರು. ಹುಣ್ಣಿಮೆಗೊಮ್ಮೆ ಜನರನ್ನು ಸೇರಿಸಿ ಹಿಟ್ಟು ಹಂಚುತ್ತಿದ್ದ. ಹಳ್ಳಿಗಳಿಗೆ ಹೋಗಿ ಮಾತಾಡಿಸುತ್ತಿದ್ದ. ಅವನಿದ್ದ ಮೂರು ವರ್ಷ ಅಲ್ಲಿ ಮತ್ತೆ ಅಂಥ ಹತ್ಯಾಕಾಂಡ ನಡೆಯಲಿಲ್ಲ. 1845ರಲ್ಲಿ ಪ್ರಕಟವಾದ ಅವನ ಎರಡು ಸಂಪುಟಗಳ ಪ್ರವಾಸ ಕಥನದ ಕೊನೆಯ ಭಾಗ ಪೂರ್ತಿ ಮೂಲನಿವಾಸಿಗಳ ಬದುಕಿನ ಕುರಿತದ್ದು. ಅವರ ನೆಲವನ್ನೂ ಬೇಟೆಯನ್ನೂ ಕಿತ್ತುಕೊಂಡವರು ನಾವು, ಅವರ ಪ್ರತಿರೋಧಕ್ಕೆ ಕಾರಣವೂ ನಾವೇ ಎಂದು ಅಲ್ಲಿ ನೇರವಾಗಿ ಬರೆದ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಆದರೆ ಆ ದಯೆಗೆ ಇನ್ನೊಂದು ಮುಖವೂ ಇತ್ತು. ಮೂರುಂಡಿಯ ಮುಖಂಡನೊಬ್ಬನ ಮಗ ವಾರುಲನ್ ಎಂಬ ಬಾಲಕನನ್ನು ಏರ್ ಇಂಗ್ಲೆಂಡಿಗೆ ಕರೆದೊಯ್ದ. ವಿಕ್ಟೋರಿಯಾ ರಾಣಿಯ ಮುಂದೆ ನಿಲ್ಲಿಸಿದ. ಓದು, ಕಸುಬು ಕಲಿಸಿ ‘ನಾಗರಿಕ’ನನ್ನಾಗಿ ಮಾಡುವುದು ಉದ್ದೇಶ. ವಾರುಲನ್ ತನ್ನ ನದಿಯನ್ನು ಮತ್ತೆ ನೋಡಲೇ ಇಲ್ಲ. 1855ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ತೀರಿಕೊಂಡ. ಇನ್ನೊಬ್ಬರಿಗೆ ಒಳ್ಳೆಯದು ಯಾವುದು ಎಂಬುದನ್ನು ತಾನೇ ನಿರ್ಧರಿಸುವ ಹಕ್ಕು ತನಗಿದೆ ಎಂದು ಏರ್ ಎಂದೂ ಸಂಶಯಪಟ್ಟವನಲ್ಲ. ನನ್ನ ಮಟ್ಟಿಗೆ ಅವನ ಮುಂದಿನ ಬದುಕಿನ ಬೀಜ ಇಲ್ಲಿದೆ.

1846ರಲ್ಲಿ ನ್ಯೂಜಿಲೆಂಡಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆ ಸಿಕ್ಕಿತು. ಮೇಲಿದ್ದ ಗವರ್ನರ್ ಜಾರ್ಜ್ ಗ್ರೇ ಕೂಡ ಆಸ್ಟ್ರೇಲಿಯಾದಲ್ಲಿ ನೆಲ ಶೋಧಿಸಿ ಬಂದವನೇ. ಇಬ್ಬರಿಗೂ ಹೊಂದಲಿಲ್ಲ. ಗ್ರೇ ಎಲ್ಲ ಅಧಿಕಾರ ತನ್ನ ಕೈಯಲ್ಲಿಟ್ಟುಕೊಂಡ, ಏರ್ ಹೆಸರಿಗಷ್ಟೇ ಅಧಿಕಾರಿಯಾಗಿ ವರ್ಷಗಟ್ಟಲೆ ಮುಜುಗರ ನುಂಗಿದ. ಆಮೇಲೆ ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್, ಆಂಟಿಗ್ವಾ. 1862ರಲ್ಲಿ ಜಮೈಕಾದ ಹಂಗಾಮಿ ಗವರ್ನರ್. 1864ರಲ್ಲಿ ಹುದ್ದೆ ಕಾಯಂ ಆಯಿತು.

ಜಮೈಕಾ ಆಗ ಕುದಿಯುತ್ತಿತ್ತು. 1838ರಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡಿದ್ದರೂ ನೆಲ ತೋಟದ ದೊರೆಗಳದೇ, ನ್ಯಾಯಾಲಯವೂ ಅವರದೇ. ಸುಮಾರು 4,40,000 ಜನರ ದ್ವೀಪದಲ್ಲಿ ಬಿಳಿಯರು 14,000ದ ಆಸುಪಾಸು. ಮತ ಹಾಕುವ ಹಕ್ಕಿದ್ದವರು ಎರಡು ಸಾವಿರಕ್ಕೂ ಕಡಿಮೆ. ಬ್ರಿಟನ್ ಸಕ್ಕರೆಯ ಸುಂಕದ ರಕ್ಷಣೆ ತೆಗೆದಮೇಲೆ ತೋಟಗಳು ಮುಚ್ಚಿದವು, ಕೂಲಿ ಇಳಿಯಿತು. ಅಮೆರಿಕದ ಅಂತರ್ಯುದ್ಧದಿಂದ ಹಿಟ್ಟು, ಉಪ್ಪುಮೀನು, ಬಟ್ಟೆಯ ಬೆಲೆ ಏರಿತು. ಮೇಲಿಂದ ಬರಗಾಲ. 1865ರ ಜನವರಿಯಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯ ಕಾರ್ಯದರ್ಶಿ ಎಡ್ವರ್ಡ್ ಅಂಡರ್‌ಹಿಲ್, ಜನ ಹಸಿದಿದ್ದಾರೆ ಎಂದು ವಸಾಹತು ಸಚಿವ ಕಾರ್ಡ್‌ವೆಲ್‌ಗೆ ಪತ್ರ ಬರೆದ. ಜನರ ಸೋಮಾರಿತನವೇ ಇದಕ್ಕೆಲ್ಲ ಕಾರಣ ಎಂಬುದು ಏರ್‌ನ ಉತ್ತರ.

ಸೇಂಟ್ ಆ್ಯನ್ ಪ್ರಾಂತದ ಬಡವರು, ಖಾಲಿ ಬಿದ್ದಿರುವ ಸರ್ಕಾರಿ ಜಮೀನು ಕೊಟ್ಟರೆ ದುಡಿದು ತಿನ್ನುತ್ತೇವೆ ಎಂದು ರಾಣಿಗೆ ಅರ್ಜಿ ಹಾಕಿದರು. ಲಂಡನ್ನಿನಿಂದ ಬಂದ ಜವಾಬಿನ ತಾತ್ಪರ್ಯ, ಶ್ರದ್ಧೆಯಿಂದ ಕೂಲಿ ಮಾಡಿ, ಉಳಿಸಿ, ಎಂಬುದು. ಏರ್ ಅದರ 50,000 ಪ್ರತಿ ಅಚ್ಚು ಹಾಕಿಸಿ ‘ರಾಣಿಯ ಸಲಹೆ’ ಎಂದು ದ್ವೀಪದ ತುಂಬ ಅಂಟಿಸಿದ. ಗುಲಾಮಗಿರಿಯಿಂದ ಬಿಡಿಸಿದವಳು ರಾಣಿಯೇ ಎಂದು ನಂಬಿದ್ದ ಜನರಿಗೆ ಅದು ಗಾಯದ ಮೇಲೆ ಬರೆ ಎಳೆದಂತಾಯಿತು.

ಏರ್‌ಗೆ ಕಣ್ಣಲ್ಲಿ ಬಿದ್ದ ಕಸವಾಗಿದ್ದವನು ಜಾರ್ಜ್ ವಿಲಿಯಂ ಗಾರ್ಡನ್. ಸ್ಕಾಟ್‌ಲೆಂಡಿನ ತೋಟಗಾರನಿಗೂ ಗುಲಾಮ ಹೆಣ್ಣಿಗೂ ಹುಟ್ಟಿದವನು, ಸ್ವಂತ ದುಡಿಮೆಯಿಂದ ಮೇಲೆ ಬಂದು ಶಾಸನಸಭೆಯ ಸದಸ್ಯನಾದವನು. ಸೇಂಟ್ ಥಾಮಸ್ ಪ್ರಾಂತದ ಮೊರಾಂಟ್ ಬೇಯಲ್ಲಿ ಕಾಯಿಲೆಬಿದ್ದ ಬಡವನೊಬ್ಬನನ್ನು ಲಾಕಪ್ಪಿಗೆ ತಳ್ಳಿ ಅವನು ಅಲ್ಲಿಯೇ ಸತ್ತಾಗ ಗಾರ್ಡನ್ ದೂರು ಕೊಟ್ಟ. ಏರ್ 1862ರಲ್ಲಿ ಗಾರ್ಡನ್‌ನನ್ನೇ ಮ್ಯಾಜಿಸ್ಟ್ರೇಟ್ ಹುದ್ದೆಯಿಂದ ತೆಗೆದುಹಾಕಿದ. ಅಂದಿನಿಂದ ಸಭೆಯಲ್ಲಿ ಗವರ್ನರನ ಹೆಸರು ಹಿಡಿದೇ ಗಾರ್ಡನ್ ಟೀಕಿಸತೊಡಗಿದ. ಮೂರುಂಡಿಯಲ್ಲಿ ಹಿಟ್ಟು ಪಡೆಯಲು ಬಂದವರು ಯಾರೂ ಏರ್‌ಗೆ ಹೀಗೆ ಎದುರು ಮಾತಾಡಿರಲಿಲ್ಲ.

ಅದೇ ಪ್ರಾಂತದ ಸ್ಟೋನಿ ಗಟ್ ಎಂಬ ಹಳ್ಳಿಯಲ್ಲಿ ಪಾಲ್ ಬೋಗಲ್ ಇದ್ದ. ಸಣ್ಣ ರೈತ, ನೇಟಿವ್ ಬ್ಯಾಪ್ಟಿಸ್ಟ್ ಸಭೆಯ ಹಿರಿಯ, ಗಾರ್ಡನ್‌ನ ಬೆಂಬಲಿಗ. 1865ರ ಆಗಸ್ಟ್‌ನಲ್ಲಿ ಕೆಲವರನ್ನು ಕಟ್ಟಿಕೊಂಡು 45 ಮೈಲಿ ನಡೆದು ಅಹವಾಲು ಹೇಳಲು ಆಗಿನ ರಾಜಧಾನಿ ಸ್ಪ್ಯಾನಿಷ್ ಟೌನಿಗೆ ಹೋದ. ಏರ್ ಭೇಟಿ ಕೊಡಲಿಲ್ಲ. 1300 ಕಿಲೋಮೀಟರಿಗೂ ಹೆಚ್ಚು ನಡೆದೇ ಹೆಸರು ಮಾಡಿದ್ದವನ ಬಾಗಿಲಿಗೆ ನಡೆದು ಬಂದವರು ಬಂದ ದಾರಿಯಲ್ಲೇ ಹಿಂದಿರುಗಿದರು.

ಅಕ್ಟೋಬರ್ 7ರಂದು ಮೊರಾಂಟ್ ಬೇಯ ಕೋರ್ಟಿನಲ್ಲಿ ಗಲಾಟೆಯಾಯಿತು. ಆ ಗಲಾಟೆಗಾಗಿ 10ರಂದು ಬೋಗಲ್‌ನನ್ನು ಹಿಡಿಯಲು ಹೋದ ಪೊಲೀಸರನ್ನು ಹಳ್ಳಿಯವರೇ ಹಿಡಿದು, ಇನ್ನು ನಿಮ್ಮ ಕಡೆಯೇ ಎಂದು ಪ್ರಮಾಣ ಮಾಡಿಸಿಕೊಂಡು ಬಿಟ್ಟರು. 11ರಂದು ನೂರಾರು ಜನ ಬೋಗಲ್‌ನ ಹಿಂದೆ ಮೊರಾಂಟ್ ಬೇಗೆ ಮೆರವಣಿಗೆ ಬಂದರು. ಕೋರ್ಟುಕಟ್ಟಡದಲ್ಲಿ ಪ್ರಾಂತದ ಆಡಳಿತ ಮಂಡಳಿ ಸಭೆ ಸೇರಿತ್ತು. ಮುಖ್ಯ ಮ್ಯಾಜಿಸ್ಟ್ರೇಟ್ ಬ್ಯಾರನ್ ಫಾನ್ ಕೆಟಲ್‌ಹಾಟ್ ಮೆಟ್ಟಿಲ ಮೇಲೆ ನಿಂತು ಚದುರಿಹೋಗಲು ಆಜ್ಞೆ ಓದಿದ. ಕಲ್ಲು ಬಿದ್ದವು, ಸ್ವಯಂಸೇವಕ ಪಡೆ ಗುಂಡು ಹಾರಿಸಿತು, ಏಳು ಜನ ಉರುಳಿದರು. ಆಮೇಲೆ ಗುಂಪು ಹಿಂದೆ ಸರಿಯಲಿಲ್ಲ. ಕಟ್ಟಡಕ್ಕೆ ಬೆಂಕಿ ಬಿತ್ತು. ಹೊರಗೆ ಓಡಿಬಂದವರನ್ನು ಕೊಂದರು. ಕೆಟಲ್‌ಹಾಟ್ ಸೇರಿ ಹದಿನೆಂಟು ಜನ ಆ ಕಡೆಯಲ್ಲಿ ಸತ್ತರು.

ಏರ್ 13ರಂದು ಕಿಂಗ್‌ಸ್ಟನ್ ನಗರವೊಂದನ್ನು ಬಿಟ್ಟು ಸರ್ರೆ ಕೌಂಟಿಯ ಉದ್ದಗಲಕ್ಕೂ ಮಾರ್ಷಲ್ ಲಾ ಸಾರಿದ. ಎಂಟು ವರ್ಷ ಹಿಂದಿನ ಭಾರತದ 1857 ಅವನ ತಲೆಯಲ್ಲೂ ದ್ವೀಪದ ಎಲ್ಲ ಬಿಳಿಯರ ತಲೆಯಲ್ಲೂ ಇತ್ತು. ಪಕ್ಕದ ಹೇಟಿಯಲ್ಲಿ ಗುಲಾಮರು ದಂಗೆ ಎದ್ದು ರಾಜ್ಯ ಕಟ್ಟಿಕೊಂಡ ನೆನಪೂ ಇತ್ತು. ಸೈನ್ಯದ ಜೊತೆಗೆ ಗುಡ್ಡಗಾಡಿನ ಮರೂನರನ್ನೂ ಬಿಟ್ಟರು. ಇವರು ತೋಟಗಳಿಂದ ತಪ್ಪಿಸಿಕೊಂಡ ಗುಲಾಮರ ಸಂತತಿ, 1739ರ ಒಪ್ಪಂದದಿಂದ ಬ್ರಿಟಿಷರಿಗೆ ಕಟ್ಟುಬಿದ್ದವರು. ಮೊದಲ ದಿನದ ನಂತರ ಸೈನ್ಯಕ್ಕೆ ಎದುರು ನಿಂತವರು ಯಾರೂ ಇರಲಿಲ್ಲ. ಬ್ರಿಟಿಷ್ ಸೈನಿಕರಲ್ಲಿ ಒಬ್ಬನೂ ಸಾಯಲಿಲ್ಲ. ಆದರೂ ತಿಂಗಳಿಡೀ ನೇಣು, ಗುಂಡು, ಬೆಂಕಿ ನಡೆದೇ ಇದ್ದವು. ಸತ್ತವರಲ್ಲಿ 354 ಜನರಿಗೆ ಸೇನಾ ನ್ಯಾಯಾಲಯದ ಹೆಸರಿನ ವಿಚಾರಣೆಯಾಗಿತ್ತು. ಉಳಿದವರಿಗೆ ಅದೂ ಇಲ್ಲ. ಬಾತ್ ಎಂಬ ಊರಿನಲ್ಲಿ ತಂತಿ ಹೆಣೆದ ಚಾಟಿಯಿಂದ ಗಂಡಸರಿಗೂ ಹೆಂಗಸರಿಗೂ ಹೊಡೆದರು. ಅಕ್ಟೋಬರ್ 23ರಂದು ಮರೂನರು ಹಿಡಿದ ಬೋಗಲ್‌ನನ್ನು ಮರುದಿನವೇ ನೇಣಿಗೆ ಹಾಕಿದರು.

ಗಾರ್ಡನ್ ಕಥೆ ಬೇರೆ. ಗಲಭೆಯ ದಿನ ಆತ ಮೊರಾಂಟ್ ಬೇಯಲ್ಲಿ ಇರಲೇ ಇಲ್ಲ, ಕಿಂಗ್‌ಸ್ಟನ್ನಿನಲ್ಲಿದ್ದ. ಅಲ್ಲಿ ಮಾರ್ಷಲ್ ಲಾ ಇರಲಿಲ್ಲ. ತನ್ನನ್ನು ಹುಡುಕುತ್ತಿದ್ದಾರೆಂದು ತಿಳಿದು 17ರಂದು ತಾನಾಗಿಯೇ ಸೇನಾಧಿಪತಿಯ ಮನೆಗೆ ಬಂದ. ಏರ್ ಅಲ್ಲಿಯೇ ಬಂಧಿಸಿ, ‘ವುಲ್ವರೀನ್’ ಹಡಗಿನಲ್ಲಿ ಜೊತೆಗೆ ತಾನೂ ಕೂತು, ಮಾರ್ಷಲ್ ಲಾ ಇದ್ದ ಮೊರಾಂಟ್ ಬೇಗೆ ಸಾಗಿಸಿದ. ಇಡೀ ಪ್ರಕರಣ ಕೂತಿರುವುದು ಈ ಹಡಗು ಪ್ರಯಾಣದ ಮೇಲೆ. ಕಿಂಗ್‌ಸ್ಟನ್ನಿನಲ್ಲಿ ಗಾರ್ಡನ್‌ಗೆ ವಕೀಲರು, ಜ್ಯೂರಿ, ಸಾಧಾರಣ ಕಾನೂನು ಎಲ್ಲವೂ ಸಿಗುತ್ತಿದ್ದವು. 21ರ ಶನಿವಾರ ನೌಕಾಪಡೆಯ ಇಬ್ಬರು ಕಿರಿಯ ಅಧಿಕಾರಿಗಳು ಮತ್ತು ಸೈನ್ಯದ ಒಬ್ಬ ಎನ್‌ಸೈನ್ ನ್ಯಾಯಾಧೀಶರಾಗಿ ಕೂತರು. ಎದುರಿಗೆ ಬಾರದ ಸಾಕ್ಷಿಗಳ ಹೇಳಿಕೆಯನ್ನೂ ಓದಿ, ಕೆಲವೇ ಗಂಟೆಗಳಲ್ಲಿ ಮರಣದಂಡನೆ ಕೊಟ್ಟರು. ಏರ್ ಒಪ್ಪಿಗೆ ಕೊಟ್ಟ. ಭಾನುವಾರ ನೇಣು ಹಾಕುವಂತಿಲ್ಲ ಎಂದು ಸೋಮವಾರ ಬೆಳಿಗ್ಗೆ, ಸುಟ್ಟ ಕೋರ್ಟಿನ ಕಮಾನಿಗೇ ನೇತುಹಾಕಿದರು. ಮುಂಚೆ ಸಿಕ್ಕ ಒಂದು ಗಂಟೆಯಲ್ಲಿ ಗಾರ್ಡನ್ ಹೆಂಡತಿಗೆ ಕಾಗದ ಬರೆದ. ತಾನು ದಂಗೆಗೆ ಯಾರನ್ನೂ ಪ್ರೇರೇಪಿಸಿಲ್ಲ, ದೂರು ತಂದವರಿಗೆ ಕಾನೂನಿನ ದಾರಿಯನ್ನೇ ತೋರಿಸಿದ್ದೆ ಎಂಬುದು ಅದರ ಸಾರ.

ಸುದ್ದಿ ಲಂಡನ್ ಮುಟ್ಟಿದಾಗ ಸರ್ಕಾರ ಮೊದಲು ಏರ್‌ನ ಚುರುಕುತನವನ್ನು ಮೆಚ್ಚಿತು. ನೇಣು, ಚಾಟಿಗಳ ಬಗ್ಗೆ ಸೇನಾಧಿಕಾರಿಗಳೇ ಹಿಗ್ಗಿ ಬರೆದ ಪತ್ರಗಳು ಪತ್ರಿಕೆಗಳಲ್ಲಿ ಬಂದಾಗ ಜನ ಬೆಚ್ಚಿದರು. ಸರ್ ಹೆನ್ರಿ ಸ್ಟೋರ್ಕ್ಸ್ ನೇತೃತ್ವದ ರಾಯಲ್ ಕಮಿಷನ್ 1866ರಲ್ಲಿ ದ್ವೀಪಕ್ಕೆ ಹೋಗಿ ತಿಂಗಳುಗಟ್ಟಲೆ ಸಾಕ್ಷ್ಯ ಪಡೆಯಿತು. ಮೊದಲ ದಿನಗಳ ತ್ವರಿತ ಕ್ರಮಕ್ಕೆ ಏರ್‌ಗೆ ಶ್ಲಾಘನೆ ಸಂದಿತು. ಆದರೆ ಮಾರ್ಷಲ್ ಲಾ ಬೇಕಾದುದಕ್ಕಿಂತ ಹೆಚ್ಚು ಕಾಲ ನಡೆಯಿತು, ಶಿಕ್ಷೆಗಳು ಮಿತಿಮೀರಿದವು, ಬಾತ್‌ನ ಚಾಟಿಯೇಟು ಬರ್ಬರ, ಮನೆ ಸುಟ್ಟದ್ದು ಕ್ರೂರ, ಗಾರ್ಡನ್‌ನ ಮೇಲೆ ಸಾಕ್ಷ್ಯ ಸಾಲದು ಎಂದಿತು. ಏರ್ ಕೆಲಸ ಕಳೆದುಕೊಂಡ. ಅಷ್ಟಕ್ಕೆ ಸರ್ಕಾರ ಕೈತೊಳೆದುಕೊಂಡಿತು.

ಮಿಲ್ ಅದನ್ನು ಒಪ್ಪಲಿಲ್ಲ. ಗವರ್ನರನೊಬ್ಬ ಕಾನೂನನ್ನು ಬದಿಗಿಟ್ಟು ಪ್ರಜೆಯನ್ನು ಕೊಲ್ಲಬಹುದಾದರೆ ಬ್ರಿಟನ್ನಿನ ಯಾವ ಪ್ರಜೆಗೂ ರಕ್ಷಣೆಯಿಲ್ಲ ಎಂಬುದು ಅವನ ವಾದ. ಏರ್‌ನನ್ನು ಕಾನೂನಿನ ಮುಂದೆ ತರಲು ಹೋರಾಡಿದ ಜಮೈಕಾ ಕಮಿಟಿಯ ಮೊದಲ ಅಧ್ಯಕ್ಷ ಚಾರ್ಲ್ಸ್ ಬಕ್ಸ್‌ಟನ್ ಕೊಲೆ ಮೊಕದ್ದಮೆ ಬೇಡವೆಂದು ಬಿಟ್ಟುಹೋದ ಮೇಲೆ ಮಿಲ್ ಆ ಜಾಗಕ್ಕೆ ಬಂದ. ಇತ್ತ 1866ರ ಆಗಸ್ಟ್‌ನಲ್ಲಿ ಹಡಗಿನಿಂದಿಳಿದ ಏರ್‌ಗೆ ಸೌತಾಂಪ್ಟನ್ನಿನಲ್ಲಿ ಗಣ್ಯರ ಔತಣ ಕಾದಿತ್ತು. ಅವನ ರಕ್ಷಣಾ ಸಮಿತಿಯ ಪರ ನಿಂತವರಲ್ಲಿ, ಪದಕ ಕೊಟ್ಟಿದ್ದ ಅದೇ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷ ರಾಡ್ರಿಕ್ ಮರ್ಚಿಸನ್ ಕೂಡ ಇದ್ದ. ಮರಳುಗಾಡಿನಲ್ಲಿ ಗಳಿಸಿದ ಪುಣ್ಯ ಇಪ್ಪತ್ತೈದು ವರ್ಷದ ನಂತರ ಹೀಗೆ ಖರ್ಚಿಗೆ ಬಂತು. ಮತದ ಹಕ್ಕಿಗಾಗಿ ಬೀದಿಗಿಳಿದಿದ್ದ ಲಂಡನ್ನಿನ ಕಾರ್ಮಿಕರು ಮಾತ್ರ ಅವನ ಪ್ರತಿಕೃತಿ ಸುಟ್ಟರು. ಗುಂಪಿನ ಮೇಲೆ ಅಧಿಕಾರಿ ಗುಂಡು ಹಾರಿಸಬಹುದೇ ಎಂಬುದು ಅವರಿಗೆ ದೂರದ ದ್ವೀಪದ ಪ್ರಶ್ನೆಯಾಗಿರಲಿಲ್ಲ.

1867ರಲ್ಲಿ ಮಾರ್ಕೆಟ್ ಡ್ರೇಟನ್ನಿನ ಮ್ಯಾಜಿಸ್ಟ್ರೇಟರು ಏರ್ ಮೇಲಿನ ಕೊಲೆ ದೂರನ್ನು ವಿಚಾರಣೆಗೆ ಕಳಿಸಲು ಒಪ್ಪಲಿಲ್ಲ. ಗಾರ್ಡನ್‌ನ ನೇಣಿಗೆ ಕಾರಣರಾದ ಇಬ್ಬರು ಅಧಿಕಾರಿಗಳ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಮಾರ್ಷಲ್ ಲಾದ ಮಿತಿಗಳನ್ನು ಗಂಟೆಗಟ್ಟಲೆ ವಿವರಿಸಿದರೂ ಗ್ರ್ಯಾಂಡ್ ಜ್ಯೂರಿ ಆರೋಪವನ್ನು ತಳ್ಳಿಹಾಕಿತು. 1868ರಲ್ಲಿ ಏರ್ ಮೇಲಿನ ಇನ್ನೊಂದು ಪ್ರಯತ್ನಕ್ಕೂ ಅದೇ ಗತಿ. ಚಾಟಿಯೇಟು ತಿಂದ ಅಲೆಕ್ಸಾಂಡರ್ ಫಿಲಿಪ್ಸ್ ಎಂಬ ಜಮೈಕಾದವನು ಪರಿಹಾರ ಕೇಳಿ ಹೂಡಿದ ದಾವೆಯೂ 1870ರಲ್ಲಿ ಬಿತ್ತು. ದ್ವೀಪದ ಶಾಸನಸಭೆ ಗಲಭೆಯ ನಂತರ ಏರ್‌ನನ್ನು ಕಾಪಾಡಲು ಮಾಡಿದ ಕಾಯ್ದೆ ಇಂಗ್ಲೆಂಡಿನಲ್ಲೂ ಊರ್ಜಿತ ಎಂದರು ನ್ಯಾಯಾಧೀಶರು. ಒಂದು ದೇಶದಲ್ಲಿ ನಡೆದ ಅನ್ಯಾಯಕ್ಕೆ ಇನ್ನೊಂದು ದೇಶದ ನ್ಯಾಯಾಲಯ ಏನು ಮಾಡಬಹುದು ಎಂಬ ಚರ್ಚೆಯಲ್ಲಿ ‘ಫಿಲಿಪ್ಸ್ ವಿರುದ್ಧ ಏರ್’ ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ. ಮಿಲ್‌ಗೆ ಬೆದರಿಕೆ ಪತ್ರಗಳು ಬಂದವು, 1868ರ ಚುನಾವಣೆಯಲ್ಲಿ ಸ್ಥಾನವೂ ಹೋಯಿತು. ಏರ್‌ಗೆ ಸರ್ಕಾರ ಕೋರ್ಟು ಖರ್ಚು ತುಂಬಿಕೊಟ್ಟು, 1874ರಲ್ಲಿ ಪಿಂಚಣಿಯನ್ನೂ ಕೊಟ್ಟಿತು. 1901ರ ನವೆಂಬರ್ 30ರಂದು ಡೆವನ್‌ನ ಹಳ್ಳಿಮನೆಯೊಂದರಲ್ಲಿ ಆತ ಸತ್ತ. ಜಲಿಯನ್‌ವಾಲಾಬಾಗಿನ ನಂತರ ಡಯರ್‌ನ ಪರ ಬ್ರಿಟನ್ನಿನಲ್ಲಿ ನಿಧಿ ಕೂಡಿದ್ದನ್ನು ಓದಿದವರಿಗೆ ಏರ್‌ಗೆ ಸಿಕ್ಕ ಈ ಬೆಂಬಲದ ಗುರುತು ಹತ್ತುತ್ತದೆ.

ಮೊರಾಂಟ್ ಬೇಯದು ದಿಢೀರನೆ ಎದ್ದ ಗಲಭೆಯೋ ಯೋಜಿತ ಬಂಡಾಯವೋ ಎಂಬುದರಲ್ಲಿ ಒಮ್ಮತವಿಲ್ಲ. ಇತಿಹಾಸಕಾರ ಗ್ಯಾಡ್ ಹ್ಯೂಮನ್, ಬೋಗಲ್ ಮತ್ತು ಸಂಗಡಿಗರು ಮೊದಲೇ ಸಿದ್ಧತೆ ಮಾಡಿದ್ದರೆಂದು ತೋರಿಸುತ್ತಾರೆ. ಗಾರ್ಡನ್‌ನ ಕೈ ಅದರಲ್ಲಿತ್ತು ಎಂಬುದನ್ನು ಮಾತ್ರ ಯಾರೂ ಸಾಬೀತು ಮಾಡಿಲ್ಲ. ಏರ್ ಬಗ್ಗೆಯೂ ಎರಡು ಓದು ಇವೆ. ಉದಾರಿಯಾಗಿದ್ದವನು ಸೋಲು, ಅವಮಾನ, ತೋಟಗಾರರ ಸಹವಾಸದಿಂದ ಕೆಟ್ಟ ಎನ್ನುವವರು ಕೆಲವರು. ಕ್ಯಾಥರೀನ್ ಹಾಲ್, ಜೂಲಿ ಇವಾನ್ಸ್ ಅವರಂಥ ವಿದ್ವಾಂಸರು ಅವನ ಬದುಕಿನ ಎರಡು ಭಾಗಗಳ ನಡುವಿನ ನಂಟನ್ನು ಹುಡುಕುತ್ತಾರೆ. ಎರಡನೆಯ ಓದೇ ಹೆಚ್ಚು ಸರಿ ಎನಿಸುತ್ತದೆ. ಕೈಯೊಡ್ಡಿದವರನ್ನು ಏರ್ ರಕ್ಷಿಸಿದ. ಹಕ್ಕು ಕೇಳಿದವರನ್ನು ಕಂಡರೆ ಹೆದರಿದ. ವಾರುಲನ್‌ಗೆ ಮಾಡಿದ ಉಪಕಾರವನ್ನೂ ಗಾರ್ಡನ್‌ಗೆ ಮಾಡಿದ ಅನ್ಯಾಯವನ್ನೂ ಅದೇ ಮನಸ್ಸು ಮಾಡಿತು.

ಆಸ್ಟ್ರೇಲಿಯಾದ ನಕ್ಷೆಯಲ್ಲಿ ಅವನ ಹೆಸರಿನ ಪರ್ಯಾಯದ್ವೀಪವಿದೆ, ಹೆದ್ದಾರಿಯಿದೆ. ಅವನ ಹೆಸರಿನ ಮಹಾ ಉಪ್ಪುಸರೋವರ ಈಗ ಮೂಲನಿವಾಸಿಗಳ ಹೆಸರನ್ನು ಮುಂದಿಟ್ಟುಕೊಂಡು ‘ಕಾಟಿ ಥಂಡಾ-ಲೇಕ್ ಏರ್’ ಆಗಿದೆ. ಜಮೈಕಾದಲ್ಲಿ ಅವನು ಬಿಟ್ಟುಹೋದದ್ದು ಇದಕ್ಕಿಂತ ಭಾರವಾದದ್ದು. 1865ರ ಕೊನೆಯಲ್ಲಿ, ಮುಂದೆಂದೋ ಕಪ್ಪು ಜನರೇ ಬಹುಮತಕ್ಕೆ ಬಂದಾರು ಎಂಬ ಭಯವನ್ನು ಅವನೇ ಮುಂದಿಟ್ಟು, ಇನ್ನೂರು ವರ್ಷ ಹಳೆಯ ಶಾಸನಸಭೆ ತನ್ನನ್ನು ತಾನೇ ರದ್ದುಮಾಡಿಕೊಳ್ಳುವಂತೆ ಮಾಡಿದ. ದ್ವೀಪ ನೇರವಾಗಿ ಲಂಡನ್ನಿನ ಕೈಗೆ ಹೋಯಿತು. ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದು ಜನ ತಮ್ಮ ಸಭೆಯನ್ನು ಆರಿಸಿಕೊಳ್ಳಲು 1944 ಬರಬೇಕಾಯಿತು. 1969ರಲ್ಲಿ ಬೋಗಲ್ ಮತ್ತು ಗಾರ್ಡನ್ ಇಬ್ಬರೂ ರಾಷ್ಟ್ರವೀರರೆಂದು ಘೋಷಿತರಾದರು. ಜಮೈಕಾದ ಸಂಸತ್ತು ಈಗ ಸೇರುವ ಕಟ್ಟಡದ ಹೆಸರು ಗಾರ್ಡನ್ ಹೌಸ್.